ಚಾಲನೆ ಮತ್ತು ನಿಗಾ: ತಂತ್ರಾಂಶ ಬಿಲ್ಡ್‌ಗಳ ಸ್ಕ್ರಿಪ್ಟ್ ನಿರ್ವಹಣೆ ನಡೆದುಬಂದ ದಾರಿ

ಪ್ರವೇಶ

ತಂತ್ರಾಂಶವೊಂದು ಬಳಕೆದಾರರ ಕೈಸೇರುವ ಮುನ್ನ ಹಲವು ಹಂತಗಳನ್ನು ದಾಟಬೇಕಾಗುತ್ತದೆ. ಅನೇಕರು ಬರೆದ ಮೂಲಸಂಕೇತದ ಕಡತಗಳನ್ನು ಒಂದೆಡೆ ಕಲೆಹಾಕಿ, ಯಂತ್ರಭಾಷೆಗೆ ಪರಿವರ್ತಿಸಿ, ಒಂದಕ್ಕೊಂದು ಜೋಡಿಸಿ, ಪರೀಕ್ಷೆಗೆ ಒಳಪಡಿಸಿ ಬಳಕೆಗೆ ಯೋಗ್ಯವಾದ ರೂಪಕ್ಕೆ ತರುವ ಕೆಲಸವನ್ನು ‘ಬಿಲ್ಡ್’ ಎಂದು ಕರೆಯುವುದು ರೂಢಿ. ತಂಡದ ಪ್ರತಿಯೊಬ್ಬರೂ ತಮ್ಮ ಬದಲಾವಣೆಗಳನ್ನು ದಿನದಲ್ಲಿ ಒಮ್ಮೆಯಾದರೂ ಸಮಾನ ಭಂಡಾರಕ್ಕೆ ಸೇರಿಸುವುದು, ಹಾಗೆ ಸೇರಿಸಿದ ಕೂಡಲೇ ಬಿಲ್ಡ್ ತಾನಾಗಿ ನಡೆದು ತಪ್ಪುಗಳನ್ನು ಎತ್ತಿ ತೋರಿಸುವುದು – ಈ ಪದ್ಧತಿಗೆ ‘ನಿರಂತರ ಏಕೀಕರಣ’ ಎಂದು ಹೆಸರು. ಈ ಕೆಲಸಕ್ಕೆಂದೇ ಮೀಸಲಾದ ಸರ್ವರ್‌ಗಳಿಗೆ ಮನುಷ್ಯರು ಪರದೆಯ ಮೇಲಿನ ಗುಂಡಿ ಒತ್ತಿ ಆದೇಶ ನೀಡಬಹುದು. ಅಥವಾ ಸ್ಕ್ರಿಪ್ಟ್ ಎಂಬ ಕಿರು ಕ್ರಮವಿಧಿಯೊಂದು ಮನುಷ್ಯರ ಪರವಾಗಿ ಆದೇಶ ನೀಡಿ, ಕೆಲಸ ಮುಗಿಯುವವರೆಗೆ ಕಾದು, ಫಲಿತಾಂಶವನ್ನು ಪಡೆದು ಮುಂದಿನ ಹೆಜ್ಜೆಯನ್ನು ನಿರ್ಧರಿಸಬಹುದು.

ಈ ಪದ್ಧತಿಯ ಚರಿತ್ರೆಯನ್ನು ಸಾಮಾನ್ಯವಾಗಿ ವೇಗದ ಚರಿತ್ರೆಯಾಗಿ ನಿರೂಪಿಸಲಾಗುತ್ತದೆ. ವಾರಕ್ಕೊಮ್ಮೆ ನಡೆಯುತ್ತಿದ್ದುದು ದಿನಕ್ಕೊಮ್ಮೆಯಾಯಿತು, ದಿನಕ್ಕೊಮ್ಮೆ ನಡೆಯುತ್ತಿದ್ದುದು ಗಂಟೆಗೊಮ್ಮೆಯಾಯಿತು ಎಂಬ ಮಾತು ನಿಜವೇ ಆದರೂ ಅದು ಅರ್ಧ ಸತ್ಯ. ಆದೇಶ ನೀಡುವ ಸ್ಕ್ರಿಪ್ಟಿನ ದೃಷ್ಟಿಯಿಂದ ನೋಡಿದರೆ ಮುಖ್ಯವಾಗುವ ಪ್ರಶ್ನೆಗಳು ಬೇರೆ. ಕೇಳಿದ ಕೆಲಸ ಆರಂಭವಾಯಿತೆ? ಆರಂಭವಾದ ಹಲವು ಕೆಲಸಗಳಲ್ಲಿ ತನ್ನದು ಯಾವುದು? ಅದು ಮುಗಿದ ಬಗೆ ಎಂತಹುದು? ಮೊದಲನೆಯ ಹಾಗೂ ಮೂರನೆಯ ಪ್ರಶ್ನೆಗಳಿಗೆ 1970ರ ದಶಕದಲ್ಲಿಯೇ ಉತ್ತರದ ಮಾದರಿಗಳು ದೊರೆತಿದ್ದವು. ನಡುವಿನ ಪ್ರಶ್ನೆಗೆ ಉತ್ತರ ಬಹಳ ತಡವಾಗಿ, ಅದೂ ಒಂದಕ್ಕಿಂತ ಹೆಚ್ಚು ಬಾರಿ ಕಂಡುಕೊಳ್ಳಬೇಕಾದ ರೀತಿಯಲ್ಲಿ ಬಂದಿತು. ಆದೇಶವನ್ನೂ ಅದಕ್ಕೆ ದೊರೆತ ಉತ್ತರವನ್ನೂ ಒಂದೇ ಎಳೆಯಲ್ಲಿ ಕಟ್ಟುವ ಪ್ರಯತ್ನವೇ ಈ ಚರಿತ್ರೆಯ ತಿರುಳು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಮೂಲಸಾಮಗ್ರಿ: ಮೇಕ್, ಕ್ರಾನ್ ಮತ್ತು ನಿರ್ಗಮನ ಸಂಖ್ಯೆ

ಬಿಲ್ಡ್ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಮೊದಲ ಮಹತ್ವದ ಸಾಧನವೆಂದರೆ ‘ಮೇಕ್’. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಇದನ್ನು 1976ರಲ್ಲಿ ರಚಿಸಿದರು. ಇದರ ಹುಟ್ಟಿನ ಸಂದರ್ಭವು ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಫೆಲ್ಡ್‌ಮನ್ ಅವರ ಸಹೋದ್ಯೋಗಿ, ‘ಯಾಕ್’ ಎಂಬ ಪ್ರಸಿದ್ಧ ಸಾಧನದ ಕರ್ತೃ ಸ್ಟೀವ್ ಜಾನ್ಸನ್ ಅವರು ತಪ್ಪೇ ಇಲ್ಲದ ಕ್ರಮವಿಧಿಯಲ್ಲಿ ತಪ್ಪು ಹುಡುಕುತ್ತ ಒಂದು ಮುಂಜಾನೆಯನ್ನು ಕಳೆದಿದ್ದರು. ದೋಷವನ್ನು ಅವರು ಮೊದಲೇ ತಿದ್ದಿದ್ದರು. ಆದರೆ ತಿದ್ದಿದ ಕಡತವನ್ನು ಮರುಸಂಕಲನ ಮಾಡಿರಲಿಲ್ಲವಾದ್ದರಿಂದ ಚಾಲನೆಯಲ್ಲಿದ್ದುದು ಹಳೆಯ ರೂಪವೇ ಆಗಿತ್ತು. ಕಣ್ಣಮುಂದಿನ ಫಲಿತಾಂಶವು ಕಣ್ಣಮುಂದಿನ ಪಠ್ಯಕ್ಕೆ ಸೇರಿದ್ದಲ್ಲ ಎಂಬುದೇ ಅಲ್ಲಿನ ತೊಡಕು. ಕಡತಗಳ ಪರಸ್ಪರ ಅವಲಂಬನೆಯನ್ನು ಬರೆದಿಟ್ಟು, ಕಡತಗಳ ಕಾಲಮುದ್ರೆಗಳನ್ನು ಹೋಲಿಸಿ, ಹಳತಾದುದನ್ನು ಮಾತ್ರ ಮತ್ತೆ ಕಟ್ಟುವ ಉಪಾಯದಿಂದ ಮೇಕ್ ಈ ತೊಡಕನ್ನು ಬಗೆಹರಿಸಿತು. ಈ ಕೃತಿಗಾಗಿ ಫೆಲ್ಡ್‌ಮನ್ ಅವರಿಗೆ 2003ರ ಎಸಿಎಂ ತಂತ್ರಾಂಶ ವ್ಯವಸ್ಥೆ ಪ್ರಶಸ್ತಿ ಸಂದಿತು.

1979ರಲ್ಲಿ ಹೊರಬಂದ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ಇನ್ನೆರಡು ಮೂಲಸಾಮಗ್ರಿಗಳು ಇದ್ದವು. ನಿಗದಿತ ವೇಳೆಗೆ ಆದೇಶಗಳನ್ನು ತಾನಾಗಿ ನಡೆಸುವ ‘ಕ್ರಾನ್’ ಮೊದಲನೆಯದು. ಮನುಷ್ಯರು ನಿದ್ರಿಸುವ ಹೊತ್ತಿನಲ್ಲಿ ಬಿಲ್ಡ್ ನಡೆಸಲು ಇದು ದಾರಿಮಾಡಿತು. ಎರಡನೆಯದು ‘ಬೋರ್ನ್ ಶೆಲ್’ ಎಂಬ ಆದೇಶಭಾಷೆ. ಯೂನಿಕ್ಸಿನಲ್ಲಿ ಪ್ರತಿಯೊಂದು ಕ್ರಮವಿಧಿಯೂ ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಕೆಲಸ ಸಫಲ, ಬೇರಾವುದೇ ಸಂಖ್ಯೆಯಾದರೆ ವಿಫಲ. ಈ ನಿರ್ಗಮನ ಸಂಖ್ಯೆಯನ್ನು ನೋಡಿ ಶೆಲ್ ಸ್ಕ್ರಿಪ್ಟ್ ಮುಂದುವರಿಯಬೇಕೆ ನಿಲ್ಲಬೇಕೆ ಎಂಬುದನ್ನು ತೀರ್ಮಾನಿಸುತ್ತದೆ. ಮುಂದಿನ ದಶಕಗಳಲ್ಲಿ ಬಂದ ಎಲ್ಲ ಏಕೀಕರಣ ಸರ್ವರ್‌ಗಳ ಹಸಿರು–ಕೆಂಪು ಬಣ್ಣಗಳ ಹಿಂದೆ ಬಹುಮಟ್ಟಿಗೆ ಈ ಒಂದು ಸಂಖ್ಯೆಯೇ ಇದೆ ಎಂಬುದು ಗಮನಾರ್ಹ.

ಇಷ್ಟು ಸರಳವಾದ ಉತ್ತರವೂ ದಾರಿಯಲ್ಲಿ ಕಳೆದುಹೋಗಬಲ್ಲದು. ಬಿಲ್ಡ್ ಆದೇಶದ ಲಾಗ್ ಅನ್ನು, ಅಂದರೆ ಕೆಲಸ ನಡೆದಂತೆ ಅದು ಹೊರಡಿಸುವ ವರದಿಯನ್ನು, ಪರದೆಗೂ ಕಡತಕ್ಕೂ ಒಟ್ಟಿಗೆ ಕಳುಹಿಸುವ ಸಲುವಾಗಿ ಎರಡು ಆದೇಶಗಳನ್ನು ಕೊಳವೆಯಂತೆ ಜೋಡಿಸುವುದು ಸಾಮಾನ್ಯ ರೂಢಿ. ಆಗ ಶೆಲ್ ವರದಿ ಮಾಡುವುದು ಸಾಲಿನ ಕೊನೆಯ ಆದೇಶದ ನಿರ್ಗಮನ ಸಂಖ್ಯೆಯನ್ನು. ಬಿಲ್ಡ್ ವಿಫಲವಾಗಿದ್ದರೂ ವರದಿಯನ್ನು ಬರೆದಿಟ್ಟ ಕೆಲಸ ಸಫಲವಾಗಿರುವುದರಿಂದ ಒಟ್ಟು ಫಲ ಸೊನ್ನೆಯೆಂದು ದಾಖಲಾಗುತ್ತದೆ. ಸಾಲಿನ ಯಾವುದೇ ಆದೇಶ ವಿಫಲವಾದರೂ ಇಡೀ ಸಾಲನ್ನು ವಿಫಲವೆಂದು ಪರಿಗಣಿಸುವ ‘ಪೈಪ್‌ಫೇಲ್’ ಎಂಬ ಆಯ್ಕೆಯು ಬ್ಯಾಷ್ ಶೆಲ್ಲಿಗೆ ಸೇರಿದ್ದು 2004ರ ಮೂರನೆಯ ಆವೃತ್ತಿಯಲ್ಲಿ. ಒಬ್ಬರ ಉತ್ತರವನ್ನು ಮತ್ತೊಬ್ಬರ ಉತ್ತರವೆಂದು ತಿಳಿಯುವ ಈ ಬಗೆಯ ಗೊಂದಲವು ಮುಂದೆ ಜಾಲದ ಮಟ್ಟದಲ್ಲಿಯೂ ಮರುಕಳಿಸುವುದನ್ನು ಕಾಣಬಹುದು.

ನಿತ್ಯ ಬಿಲ್ಡ್ ಪದ್ಧತಿ

1990ರ ದಶಕದ ಆರಂಭದ ಹೊತ್ತಿಗೆ ತಂತ್ರಾಂಶಗಳ ಗಾತ್ರ ಬಹಳವಾಗಿ ಬೆಳೆದಿತ್ತು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎನ್‌ಟಿ ಯೋಜನೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಸ್ಟೀವ್ ಮೆಕಾನೆಲ್ ಅವರು 1996ರಲ್ಲಿ ‘ಐಇಇಇ ಸಾಫ್ಟ್‌ವೇರ್’ ಪತ್ರಿಕೆಯಲ್ಲಿ ಬರೆದ ಲೇಖನದ ಪ್ರಕಾರ ಈ ತಂತ್ರಾಂಶವು 40,000 ಕಡತಗಳಲ್ಲಿ ಹರಡಿದ 56 ಲಕ್ಷ ಸಾಲುಗಳಷ್ಟಿತ್ತು. ಹಲವು ಯಂತ್ರಗಳನ್ನು ಬಳಸಿದರೂ ಪೂರ್ಣ ಬಿಲ್ಡ್‌ಗೆ 19 ಗಂಟೆಗಳವರೆಗೆ ಹಿಡಿಯುತ್ತಿತ್ತು. ಹಾಗಿದ್ದರೂ ತಂಡವು ಪ್ರತಿದಿನ ಬಿಲ್ಡ್ ನಡೆಸುವ ಶಿಸ್ತನ್ನು ಬಿಡಲಿಲ್ಲ. ಯೋಜನೆಯ ಕೊನೆಯ ಹಂತದಲ್ಲಿ ತಂತ್ರಜ್ಞರು ಬೀಪರ್‌ಗಳನ್ನು ಧರಿಸಿರುತ್ತಿದ್ದರು. ಬಿಲ್ಡ್ ಕೆಡಿಸಿದವರನ್ನು ಬೆಳಗಿನ ಜಾವ ಮೂರು ಗಂಟೆಗಾದರೂ ಕರೆಸಿಕೊಳ್ಳಲಾಗುತ್ತಿತ್ತು. ನಿಗಾ ವಹಿಸುವ ಕೆಲಸದ ಭಾರವು ಆಗಿನ್ನೂ ಮನುಷ್ಯರ ಮೇಲೆಯೇ ಇತ್ತೆಂಬುದನ್ನು ಈ ಬೀಪರ್‌ಗಳು ಸೂಚಿಸುತ್ತವೆ.

ಇದೇ ದಶಕದಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ರೂಪುಗೊಂಡು, 1998ರಲ್ಲಿ ಮೊಜಿಲ್ಲಾ ಯೋಜನೆಯ ಮೂಲಕ ಸಾರ್ವಜನಿಕವಾದ ‘ಟಿಂಡರ್‌ಬಾಕ್ಸ್’ ನಿಗಾ ವ್ಯವಸ್ಥೆಗೆ ಹೊಸ ಸ್ವರೂಪ ನೀಡಿತು. ಬೇರೆ ಬೇರೆ ಯಂತ್ರಗಳು ಬಿಡುವಿಲ್ಲದೆ ಬಿಲ್ಡ್ ನಡೆಸಿ ತಮ್ಮ ವರದಿಗಳನ್ನು ವಿದ್ಯುನ್ಮಾನ ಅಂಚೆಯಲ್ಲಿ ಕೇಂದ್ರಕ್ಕೆ ಕಳುಹಿಸುತ್ತಿದ್ದವು. ಕೇಂದ್ರವು ಅವುಗಳನ್ನು ಒಂದು ಪುಟದಲ್ಲಿ ಜೋಡಿಸುತ್ತಿತ್ತು: ಒಂದು ಯಂತ್ರಕ್ಕೆ ಒಂದು ಕಂಬಸಾಲು, ಕೆಳಗಿನಿಂದ ಮೇಲಕ್ಕೆ ಕಾಲದ ಗತಿ, ಸಫಲವಾದುದಕ್ಕೆ ಹಸಿರು, ಮುರಿದುದಕ್ಕೆ ಕೆಂಪು. ಪುಟ ಕೆಂಪಾದಾಗ ‘ಶೆರಿಫ್’ ಎಂಬ ಹೊಣೆ ಹೊತ್ತವರು ಹೊಸ ಬದಲಾವಣೆಗಳನ್ನು ಸ್ವೀಕರಿಸದಂತೆ ಭಂಡಾರವನ್ನು ಮುಚ್ಚುವುದೂ ಉಂಟು. ಈ ಮಾದರಿಯಿಂದ ಪ್ರೇರಣೆ ಪಡೆದ ಬ್ರಯಾನ್ ವಾರ್ನರ್ ಅವರು 2003ರಲ್ಲಿ ಪೈಥಾನ್ ಭಾಷೆಯಲ್ಲಿ ‘ಬಿಲ್ಡ್‌ಬಾಟ್’ ಅನ್ನು ಪ್ರಕಟಿಸಿದರು. ಸ್ಕ್ರಿಪ್ಟ್ ಮೂಲಕ ಚಾಲನೆ ನೀಡುವ ದೃಷ್ಟಿಯಿಂದ ಅದರ ‘ಟ್ರೈ’ ಎಂಬ ಆದೇಶ ಉಲ್ಲೇಖಾರ್ಹ. ಭಂಡಾರಕ್ಕೆ ಇನ್ನೂ ಸೇರಿಸದ ಬದಲಾವಣೆಯನ್ನು ನೇರವಾಗಿ ಬಿಲ್ಡ್ ಯಂತ್ರಗಳಿಗೆ ಕಳುಹಿಸಿ, ಫಲಿತಾಂಶ ಬರುವವರೆಗೆ ಅಲ್ಲಿಯೇ ಕಾಯಲು ಇದರಲ್ಲಿ ಅವಕಾಶವಿತ್ತು.

ನಿರಂತರ ಏಕೀಕರಣದ ಉದಯ

‘ನಿರಂತರ ಏಕೀಕರಣ’ ಎಂಬ ಪದವನ್ನು ಗ್ರೇಡಿ ಬೂಚ್ 1991ರಲ್ಲಿಯೇ ಬಳಸಿದ್ದರು. ಆದರೆ ದಿನಕ್ಕೆ ಹಲವು ಬಾರಿ ಒಗ್ಗೂಡಿಸಬೇಕೆಂಬ ಅರ್ಥ ಅದರಲ್ಲಿ ಇರಲಿಲ್ಲ. ಕೆಂಟ್ ಬೆಕ್ ಅವರು 1999ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದ ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್’ ವಿಧಾನವು ಅದನ್ನು ನಿತ್ಯದ ಆಚರಣೆಯ ಮಟ್ಟಕ್ಕೆ ತಂದಿತು. 2000ರಲ್ಲಿ ಮಾರ್ಟಿನ್ ಫೌಲರ್ ಮತ್ತು ಮ್ಯಾಥ್ಯೂ ಫೊಮೆಲ್ ಅವರು ಬರೆದ ಲೇಖನವು ಈ ಪದ್ಧತಿಗೆ ವ್ಯಾಪಕ ಪ್ರಚಾರ ದೊರಕಿಸಿತು. ಅವರು ಸೇವೆಯಲ್ಲಿದ್ದ ಥಾಟ್‌ವರ್ಕ್ಸ್ ಸಂಸ್ಥೆಯಿಂದ 2001ರಲ್ಲಿ ‘ಕ್ರೂಸ್‌ಕಂಟ್ರೋಲ್’ ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಇದು ಭಂಡಾರದಲ್ಲಿ ಬದಲಾವಣೆಯಾಗಿದೆಯೆ ಎಂದು ನಿಯತ ಅವಧಿಗೊಮ್ಮೆ ವಿಚಾರಿಸಿ, ಆಗಿದ್ದರೆ ಬಿಲ್ಡ್ ನಡೆಸಿ, ಫಲಿತಾಂಶವನ್ನು ಪುಟವೊಂದರಲ್ಲಿ ಪ್ರಕಟಿಸುತ್ತಿತ್ತು.

ಕ್ರೂಸ್‌ಕಂಟ್ರೋಲ್ ಕಾಲದಲ್ಲಿ ನಿಗಾ ವಹಿಸುವ ಸ್ಕ್ರಿಪ್ಟ್‌ಗಳು ಹಲವು ರೂಪ ತಾಳಿದವು. ಎಲ್ಲ ಯೋಜನೆಗಳ ಸ್ಥಿತಿಯನ್ನು ಒಂದೇ ಎಕ್ಸ್‌ಎಂಎಲ್ ಕಡತದಲ್ಲಿ ನೀಡುವ ‘ಸಿಸಿಟ್ರೇ’ ಎಂಬ ರೂಪವು ಬಳಕೆಗೆ ಬಂದು, ಮುಂದೆ ಬೇರೆ ಬೇರೆ ಸರ್ವರ್‌ಗಳೂ ಅದನ್ನು ಒಪ್ಪಿಕೊಂಡವು. ಮೈಕ್ ಕ್ಲಾರ್ಕ್ ಅವರ 2004ರ ಗ್ರಂಥವೊಂದು ಕೆಂಪು ಮತ್ತು ಹಸಿರು ಬಣ್ಣದ ಎರಡು ಲಾವಾ ದೀಪಗಳನ್ನು ಬಿಲ್ಡ್ ಫಲಿತಾಂಶಕ್ಕೆ ಜೋಡಿಸುವ ಬಗೆಯನ್ನು ವಿವರಿಸಿ ಹೆಸರಾಯಿತು. ಇದನ್ನು ವಿನೋದವೆಂದು ತಳ್ಳಿಹಾಕುವಂತಿಲ್ಲ. ಕೆಲಸ ಕೆಟ್ಟಿದೆ ಎಂಬ ಸುದ್ದಿ ಯಾರೂ ಕೇಳದೆಯೇ ಎಲ್ಲರ ಕಣ್ಣಿಗೆ ಬೀಳಬೇಕೆಂಬ ತತ್ತ್ವ ಅದರಲ್ಲಿತ್ತು.

ಈ ಘಟ್ಟದಲ್ಲಿ ಕರ್ನಾಟಕದ ನೇರ ಸಂಬಂಧವೊಂದು ಕಾಣಿಸಿಕೊಳ್ಳುತ್ತದೆ. ಥಾಟ್‌ವರ್ಕ್ಸ್ ಸಂಸ್ಥೆಯು 2001ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಅಲ್ಲಿಯ ಅನುಭವವನ್ನು ಆಧರಿಸಿ ಫೌಲರ್ ಅವರು ಎರಡು ದೇಶಗಳಲ್ಲಿ ಹಂಚಿಹೋದ ತಂಡಗಳ ಕಾರ್ಯವಿಧಾನವನ್ನು ಕುರಿತು ದೀರ್ಘವಾಗಿ ಬರೆದರು. ಅದರಲ್ಲಿ ನಿರಂತರ ಏಕೀಕರಣಕ್ಕೆ ಪ್ರಮುಖ ಸ್ಥಾನವಿದೆ. ಅಮೆರಿಕದಲ್ಲಿ ಸಂಜೆಯಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಬೆಳಗಾಗುತ್ತದೆ. ಒಂದು ತಂಡ ಕೆಡಿಸಿ ಮನೆಗೆ ಹೋದ ಬಿಲ್ಡ್ ಇನ್ನೊಂದು ತಂಡದ ಇಡೀ ದಿನವನ್ನು ನುಂಗಬಲ್ಲದು. ಎದ್ದು ಹೋಗಿ ವಿಚಾರಿಸೋಣವೆಂದರೆ ಪಕ್ಕದ ಮೇಜಿನಲ್ಲಿ ಯಾರೂ ಇರುವುದಿಲ್ಲ. ಆದುದರಿಂದ ಬಿಲ್ಡ್‌ನ ಸ್ಥಿತಿಯನ್ನು ಯಾವ ಊರಿನಿಂದಲಾದರೂ, ಯಾವ ಹೊತ್ತಿನಲ್ಲಾದರೂ ಯಂತ್ರದಿಂದಲೇ ಕೇಳಿ ತಿಳಿಯಬೇಕಾದ ಅಗತ್ಯವು ಇಂತಹ ತಂಡಗಳಲ್ಲಿ ತೀವ್ರವಾಗಿತ್ತು.

ಹಡ್ಸನ್, ಜೆಂಕಿನ್ಸ್ ಮತ್ತು ಸರದಿಯ ವಿಳಾಸ

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದ ಜಪಾನೀ ತಂತ್ರಜ್ಞ ಕೊಹ್ಸುಕೆ ಕವಾಗುಚಿ ಅವರು 2004ರಲ್ಲಿ ‘ಹಡ್ಸನ್’ ಎಂಬ ಏಕೀಕರಣ ಸರ್ವರ್ ಬರೆಯತೊಡಗಿ 2005ರಲ್ಲಿ ಬಿಡುಗಡೆ ಮಾಡಿದರು. 2010ರಲ್ಲಿ ಒರಾಕಲ್ ಸಂಸ್ಥೆಯು ಸನ್ ಅನ್ನು ಕೊಂಡುಕೊಂಡ ಬಳಿಕ ಯೋಜನೆಯ ಆಡಳಿತ ಮತ್ತು ಹೆಸರಿನ ಹಕ್ಕಿನ ಬಗ್ಗೆ ವಿವಾದ ತಲೆದೋರಿತು. 2011ರ ಜನವರಿಯಲ್ಲಿ ನಡೆದ ಮತದಾನದಲ್ಲಿ 214 ಮತಗಳು ಹೆಸರು ಬದಲಾವಣೆಯ ಪರವಾಗಿಯೂ 14 ಮತಗಳು ವಿರುದ್ಧವಾಗಿಯೂ ಬಿದ್ದು, ಯೋಜನೆಯು ‘ಜೆಂಕಿನ್ಸ್’ ಎಂಬ ಹೆಸರಿನಲ್ಲಿ ಮುಂದುವರಿಯಿತು.

ಹಡ್ಸನ್–ಜೆಂಕಿನ್ಸ್ ಪರಂಪರೆಯ ವೈಶಿಷ್ಟ್ಯವೆಂದರೆ ಮನುಷ್ಯರಿಗಾಗಿ ಇರುವ ಪ್ರತಿಯೊಂದು ಪುಟಕ್ಕೂ ಸ್ಕ್ರಿಪ್ಟ್‌ಗಾಗಿ ಜೋಡಿಪುಟ ಒದಗಿಸಿದ್ದು. ಯಾವುದೇ ಪುಟದ ವಿಳಾಸದ ಕೊನೆಗೆ ‘ಎಪಿಐ’ ಮತ್ತು ‘ಜೇಸನ್’ ಎಂಬ ಪದಗಳನ್ನು ಸೇರಿಸಿದರೆ ಅದೇ ಮಾಹಿತಿಯು ಯಂತ್ರ ಓದಬಲ್ಲ ರೂಪದಲ್ಲಿ ದೊರೆಯುತ್ತದೆ. ಕಾರ್ಯದ ವಿಳಾಸಕ್ಕೆ ‘ಬಿಲ್ಡ್’ ಎಂಬ ಪದ ಸೇರಿಸಿ ‘ಪೋಸ್ಟ್’ ವಿಧಾನದಲ್ಲಿ ಕೋರಿಕೆ ಕಳುಹಿಸಿದರೆ ಕೆಲಸಕ್ಕೆ ಚಾಲನೆ ದೊರೆಯುತ್ತದೆ. ಮೊದಲ ಪ್ರಶ್ನೆಗೆ ಹೀಗೆ ಸುಲಭವಾದ ಉತ್ತರ ದೊರೆಯಿತು.

ತೊಡಕು ಇದ್ದುದು ಎರಡನೆಯ ಪ್ರಶ್ನೆಯಲ್ಲಿ. ಕೋರಿಕೆ ತಲುಪಿದ ಕೂಡಲೇ ಬಿಲ್ಡ್ ಆರಂಭವಾಗುವುದಿಲ್ಲ. ಅದು ಮೊದಲು ಸರದಿಯಲ್ಲಿ ನಿಲ್ಲುತ್ತದೆ. ಮತ್ತೆ ಯಾವುದಾದರೂ ಬದಲಾವಣೆ ಬಂದೀತೇ ಎಂದು ಕಾಯುವ ಮೌನಾವಧಿ ಮುಗಿಯಬೇಕು. ಕೆಲಸ ಮಾಡುವ ಯಂತ್ರ ಬಿಡುವಾಗಬೇಕು. ಆ ಬಳಿಕವೇ ಬಿಲ್ಡ್‌ಗೆ ಕ್ರಮಸಂಖ್ಯೆ ದೊರೆಯುವುದು. ಚಾಲನೆ ನೀಡಿದ ಸ್ಕ್ರಿಪ್ಟಿಗೆ ಈ ಸಂಖ್ಯೆಯನ್ನು ತಿಳಿಯುವ ನೇರ ಮಾರ್ಗ ಮೊದಲ ವರ್ಷಗಳಲ್ಲಿ ಇರಲಿಲ್ಲ. ಆದುದರಿಂದ ಅನೇಕರು ಕೋರಿಕೆ ಕಳುಹಿಸಿ, ಕೆಲವು ಕ್ಷಣ ತಡೆದು, ‘ಕೊನೆಯ ಬಿಲ್ಡ್’ ಎಂಬ ವಿಳಾಸವನ್ನು ಓದುವ ಉಪಾಯವನ್ನು ಅನುಸರಿಸಿದರು. ಒಬ್ಬರೇ ಬಳಸುವ ಸರ್ವರ್‌ನಲ್ಲಿ ಇದು ಸರಿಹೋಗುತ್ತಿತ್ತು. ಇಬ್ಬರು ಒಂದೇ ಹೊತ್ತಿನಲ್ಲಿ ಕೋರಿಕೆ ಸಲ್ಲಿಸಿದರೆ ಒಬ್ಬರ ಸ್ಕ್ರಿಪ್ಟ್ ಮತ್ತೊಬ್ಬರ ಫಲಿತಾಂಶವನ್ನು ತನ್ನದೆಂದು ಓದುತ್ತಿತ್ತು; ತನ್ನ ಬಿಲ್ಡ್ ಇನ್ನೂ ಸರದಿಯಲ್ಲಿರುವಾಗ ಹಿಂದಿನ ಸಫಲ ಬಿಲ್ಡ್ ಅನ್ನು ನೋಡಿ ಮುಂದುವರಿಯುವ ಅಪಾಯವೂ ಇತ್ತು. ಫೆಲ್ಡ್‌ಮನ್ ಅವರ ಸಹೋದ್ಯೋಗಿಯನ್ನು ಕಾಡಿದ ತೊಡಕೇ ಮತ್ತೊಂದು ವೇಷದಲ್ಲಿ ಬಂದಿತ್ತೆನ್ನಬಹುದು.

2013ರಲ್ಲಿ ಬಿಡುಗಡೆಯಾದ ಆವೃತ್ತಿಯೊಂದರಿಂದ ಈ ಕೊರತೆ ನೀಗಿತು. ಕೋರಿಕೆಯನ್ನು ಸ್ವೀಕರಿಸಿದ ಸರ್ವರ್ 201 ಎಂಬ ಉತ್ತರಸಂಖ್ಯೆಯ ಜೊತೆಗೆ ಸರದಿಯಲ್ಲಿ ಆ ಕೋರಿಕೆಗೆ ದೊರೆತ ಸ್ಥಾನದ ವಿಳಾಸವನ್ನೂ ಮರಳಿಸತೊಡಗಿತು. ಸರ್ಕಾರಿ ಕಚೇರಿಯಲ್ಲಿ ಅರ್ಜಿ ಸಲ್ಲಿಸಿದವರ ಕೈಗೆ ಸ್ವೀಕೃತಿ ಸಂಖ್ಯೆಯ ಚೀಟಿ ಕೊಟ್ಟಂತೆಯೇ ಇದು. ಸ್ಕ್ರಿಪ್ಟ್ ಈ ವಿಳಾಸವನ್ನು ಮತ್ತೆ ಮತ್ತೆ ವಿಚಾರಿಸುತ್ತದೆ. ಬಿಲ್ಡ್ ಆರಂಭವಾದ ಮೇಲೆ ಅದರ ಕ್ರಮಸಂಖ್ಯೆಯೂ ಸ್ವಂತ ವಿಳಾಸವೂ ಅಲ್ಲಿ ಕಾಣಿಸಿಕೊಳ್ಳುತ್ತವೆ. ನಂತರ ಬಿಲ್ಡ್‌ನ ವಿಳಾಸದಲ್ಲಿ ‘ನಡೆಯುತ್ತಿದೆ’ ಎಂಬ ಸೂಚನೆ ಇಲ್ಲವಾಗುವವರೆಗೆ ಕಾದು ಫಲಿತಾಂಶವನ್ನು ಓದಬೇಕು. ಸಫಲ, ವಿಫಲ, ಅಸ್ಥಿರ, ಸ್ಥಗಿತ, ನಡೆಸಿಲ್ಲ ಎಂಬ ಐದು ಬಗೆಯ ಫಲಗಳುಂಟು. ಸಂಕಲನವೆಲ್ಲ ಸರಿಹೋಗಿ ಕೆಲವು ಪರೀಕ್ಷೆಗಳು ಮಾತ್ರ ಸೋತಾಗ ಸಾಮಾನ್ಯವಾಗಿ ‘ಅಸ್ಥಿರ’ ಎಂಬ ಫಲ ಬರುತ್ತದೆ. ‘ವಿಫಲ’ ಎಂಬ ಒಂದೇ ಪದವನ್ನು ಹುಡುಕುವ ಸ್ಕ್ರಿಪ್ಟ್ ಇದನ್ನು ಸಫಲವೆಂದು ತಿಳಿದು ಮೋಸಹೋಗುತ್ತದೆ. ಸಫಲವೆಂದು ಸ್ಪಷ್ಟವಾಗಿ ಹೇಳಿದುದನ್ನು ಮಾತ್ರ ಸಫಲವೆಂದು ಒಪ್ಪಿ, ಉಳಿದುದೆಲ್ಲಕ್ಕೂ ಸೊನ್ನೆಯಲ್ಲದ ನಿರ್ಗಮನ ಸಂಖ್ಯೆ ನೀಡುವುದು ಕ್ಷೇಮಕರ ಕ್ರಮ.

ಈ ವ್ಯವಸ್ಥೆಯ ಸೂಕ್ಷ್ಮಗಳೂ ತಿಳಿಯತಕ್ಕವು. ಒಂದೇ ಕಾರ್ಯಕ್ಕೆ ಒಂದೇ ಬಗೆಯ ವಿವರಗಳೊಡನೆ ಬಂದ ಎರಡು ಕೋರಿಕೆಗಳು ಸರದಿಯಲ್ಲಿರುವಾಗಲೇ ಒಂದಾಗಿ ಬೆರೆಯಬಹುದು; ಆಗ ಇಬ್ಬರಿಗೂ ದೊರೆಯುವುದು ಒಂದೇ ಚೀಟಿ. ಸರದಿಯಿಂದ ಹೊರಬಂದ ಕೋರಿಕೆಯ ಗುರುತನ್ನು ಸರ್ವರ್ ಸುಮಾರು ಐದು ನಿಮಿಷ ಮಾತ್ರ ಇರಿಸಿಕೊಳ್ಳುತ್ತದೆ. ವಿಚಾರಿಸುವ ಅಂತರ ಅದಕ್ಕಿಂತ ದೀರ್ಘವಾದರೆ ಎಳೆ ಕಡಿದುಹೋಗುತ್ತದೆ. ಅತಿ ಬೇಗ ವಿಚಾರಿಸಿದರೆ ಸರ್ವರ್‌ಗೆ ಹೊರೆ, ಅತಿ ತಡವಾದರೆ ಗುರುತು ನಷ್ಟ. ಲಾಗ್ ಅನ್ನು ಕೂಡ ಇಡಿಯಾಗಿ ತರಿಸದೆ, ಹಿಂದೆ ಓದಿದ ಸ್ಥಾನದಿಂದ ಮುಂದಕ್ಕೆ ಸೇರಿದ ಭಾಗವನ್ನಷ್ಟೇ ಕೇಳಿ ಪಡೆಯುವ ಸೌಲಭ್ಯವಿದೆ. ಇನ್ನೂ ಬರಲಿಕ್ಕಿದೆಯೆ ಎಂಬುದನ್ನು ಸರ್ವರ್ ಉತ್ತರದ ಶಿರೋಭಾಗದಲ್ಲಿ ತಿಳಿಸುತ್ತದೆ.

ವಿಚಾರಣೆಯಿಂದ ಸೂಚನೆಯೆಡೆಗೆ

ಮೇಲೆ ವಿವರಿಸಿದ ಕ್ರಮದಲ್ಲಿ ಕೇಳುವವರು ಮತ್ತೆ ಮತ್ತೆ ಕೇಳಬೇಕು. ಇದಕ್ಕೆ ಪ್ರತಿಯಾಗಿ, ಘಟನೆ ನಡೆದ ಕಡೆಯಿಂದಲೇ ಸುದ್ದಿ ಬರುವಂತೆ ಮಾಡುವ ಮಾರ್ಗವೂ ಬೆಳೆಯಿತು. ಸಬ್‌ವರ್ಷನ್, ಗಿಟ್ ಮೊದಲಾದ ಭಂಡಾರ ವ್ಯವಸ್ಥೆಗಳಲ್ಲಿ ಬದಲಾವಣೆ ಸೇರಿದ ಕೂಡಲೇ ತಾನಾಗಿ ನಡೆಯುವ ಕಿರು ಸ್ಕ್ರಿಪ್ಟ್‌ಗಳಿಗೆ ಅವಕಾಶವಿದೆ. ಇವಕ್ಕೆ ‘ಹುಕ್’, ಅಂದರೆ ಕೊಕ್ಕೆ, ಎಂದು ಹೆಸರು. ಇದೇ ತತ್ತ್ವವನ್ನು ಜಾಲದ ಸೇವೆಗಳಿಗೆ ವಿಸ್ತರಿಸಿದ ಜೆಫ್ ಲಿಂಡ್ಸೆ 2007ರಲ್ಲಿ ಅದಕ್ಕೆ ‘ವೆಬ್‌ಹುಕ್’ ಎಂಬ ಹೆಸರಿಟ್ಟರು. 2011ರ ಡಿಸೆಂಬರಿನಲ್ಲಿ ಕವಾಗುಚಿ ಅವರು ನಿಯತಕಾಲಿಕ ವಿಚಾರಣೆಯನ್ನು ಕೈಬಿಡಬೇಕೆಂದು ಕಟುವಾದ ಶೀರ್ಷಿಕೆಯಡಿ ಬರೆದು, ಗಿಟ್ ಕೊಕ್ಕೆಯಿಂದ ಜೆಂಕಿನ್ಸ್‌ಗೆ ಸುದ್ದಿ ಮುಟ್ಟಿಸುವ ಕ್ರಮವನ್ನು ವಿವರಿಸಿದರು.

ಅವರು ಸೂಚಿಸಿದ ಕ್ರಮದಲ್ಲಿ ಜಾಣ್ಮೆಯೊಂದಿದೆ. ಕೊಕ್ಕೆಯು ‘ಇಂತಹ ಬಿಲ್ಡ್ ನಡೆಸು’ ಎಂದು ಆಜ್ಞಾಪಿಸುವುದಿಲ್ಲ. ‘ಇಂತಹ ಭಂಡಾರದಲ್ಲಿ ಏನೋ ಬದಲಾಗಿದೆ’ ಎಂದಷ್ಟೇ ತಿಳಿಸುತ್ತದೆ. ಬದಲಾವಣೆಯನ್ನು ಪರಿಶೀಲಿಸಿ ಯಾವ ಕೆಲಸ ನಡೆಯಬೇಕೆಂದು ನಿರ್ಧರಿಸುವುದು ಸರ್ವರ್‌ನ ಹೊಣೆ. ಸುಳ್ಳು ಸುದ್ದಿ ಬಂದರೂ ಒಂದು ವ್ಯರ್ಥ ಪರಿಶೀಲನೆಗಿಂತ ಹೆಚ್ಚಿನ ಹಾನಿ ಆಗದು. ಆದರೂ ಸುದ್ದಿ ದಾರಿಯಲ್ಲಿ ತಪ್ಪಿಹೋಗುವ ಸಾಧ್ಯತೆ ಇರುವುದರಿಂದ, ದೀರ್ಘ ಅಂತರದ ವಿಚಾರಣೆಯನ್ನು ಬೆಂಬಲಕ್ಕೆ ಉಳಿಸಿಕೊಳ್ಳುವ ರೂಢಿ ಅನೇಕ ಕಡೆ ಮುಂದುವರಿಯಿತು.

ಬಾಗಿಲು ಮತ್ತು ಕಾವಲು

ಸ್ಕ್ರಿಪ್ಟ್‌ಗಾಗಿ ತೆರೆದ ಬಾಗಿಲಿನಿಂದ ಬೇಡದವರೂ ಬರಬಲ್ಲರು. ಬಿಲ್ಡ್ ಸರ್ವರ್‌ನ ಬಳಿ ಮೂಲಸಂಕೇತವಿರುತ್ತದೆ, ಭಂಡಾರಗಳ ಕೀಲಿಗಳಿರುತ್ತವೆ, ಸಿದ್ಧ ತಂತ್ರಾಂಶಕ್ಕೆ ಸಹಿ ಹಾಕುವ ಅಧಿಕಾರವೂ ಇರಬಹುದು. ಜೆಂಕಿನ್ಸ್‌ನಲ್ಲಿ ಗುಪ್ತಪದದ ಬದಲು ಪ್ರತ್ಯೇಕ ಟೋಕನ್ ಬಳಸುವುದು, ಮೋಸದ ಪುಟದ ಮೂಲಕ ಬರುವ ಕೋರಿಕೆಗಳನ್ನು ತಡೆಯಲು ‘ಕ್ರಂಬ್’ ಎಂಬ ಗುರುತನ್ನು ಕೇಳುವುದು ಮೊದಲಾದ ಕಾವಲುಗಳು ಕ್ರಮೇಣ ಬಿಗಿಯಾದವು. 2018ರಿಂದ ಒಬ್ಬ ಬಳಕೆದಾರ ಹಲವು ಟೋಕನ್‌ಗಳನ್ನು ಪಡೆದು, ಬೇಡವಾದುದನ್ನು ಮಾತ್ರ ರದ್ದುಪಡಿಸುವುದು ಸಾಧ್ಯವಾಯಿತು.

ಜೆಂಕಿನ್ಸ್‌ನ ಆದೇಶಸಾಲಿನ ಸಾಧನದ ಚರಿತ್ರೆಯು ಇಲ್ಲಿ ಪಾಠದಂತಿದೆ. ಬಿಲ್ಡ್‌ಗೆ ಚಾಲನೆ ನೀಡಿ, ಮುಗಿಯುವವರೆಗೆ ಕಾದು, ಫಲಕ್ಕೆ ತಕ್ಕ ನಿರ್ಗಮನ ಸಂಖ್ಯೆಯನ್ನು ಮರಳಿಸುವ ಸೌಕರ್ಯ ಇದರಲ್ಲಿತ್ತು. 2015ರ ನವೆಂಬರಿನಲ್ಲಿ, ಇದು ಬಳಸುತ್ತಿದ್ದ ಜಾವಾ ಆಧಾರಿತ ಸಂಪರ್ಕ ವಿಧಾನದ ಮೂಲಕ ಹೊರಗಿನವರು ಸರ್ವರ್‌ನಲ್ಲಿ ತಮ್ಮ ಸಂಕೇತವನ್ನು ನಡೆಸಬಹುದೆಂಬುದು ಬಹಿರಂಗವಾಯಿತು. ಕೆಲವೇ ದಿನಗಳಲ್ಲಿ ಪರಿಹಾರ ಹೊರಬಂದಿತಾದರೂ, ಆ ಸಂಪರ್ಕ ವಿಧಾನವನ್ನು ಈ ಸಾಧನದಿಂದ 2019ರಲ್ಲಿ ತೆಗೆದುಹಾಕಲಾಯಿತು. 2024ರ ಜನವರಿಯಲ್ಲಿ ಇನ್ನೊಂದು ದೋಷ ಪ್ರಕಟವಾಯಿತು: ಆದೇಶದ ವಿವರವೊಂದರ ಮೊದಲಿಗೆ ‘ಅಟ್’ ಚಿಹ್ನೆ ಇರಿಸಿ ಕಡತದ ಹೆಸರು ಬರೆದರೆ ಸರ್ವರ್ ಆ ಕಡತದ ಒಳಗಿನದನ್ನೇ ಓದಿಬಿಡುತ್ತಿತ್ತು. ದೀರ್ಘ ವಿವರಗಳನ್ನು ಕಡತದಲ್ಲಿ ಬರೆದಿಡುವ ಸೌಲಭ್ಯವೇ ಇಲ್ಲಿ ಬಿರುಕಾಯಿತು.

2020ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಪ್ರಕರಣವು ಇನ್ನೂ ಗಂಭೀರವಾದುದು. ಮರುತಿಂಗಳು ಪ್ರಕಟವಾದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ವಿಶ್ಲೇಷಣೆಯ ಪ್ರಕಾರ, ದಾಳಿಕೋರರು ಬಿಲ್ಡ್ ಸರ್ವರ್‌ನಲ್ಲಿ ಅಡಗಿಸಿದ್ದ ಕ್ರಮವಿಧಿಯು ಒರಾಯನ್ ತಂತ್ರಾಂಶದ ಬಿಲ್ಡ್ ಯಾವಾಗ ಆರಂಭವಾಗುವುದೆಂದು ಸದಾ ನಿಗಾ ವಹಿಸುತ್ತಿತ್ತು. ಆರಂಭವಾದೊಡನೆ ಮೂಲಸಂಕೇತದ ಕಡತವೊಂದನ್ನು ಬದಲಿಸಿ, ಸಂಕಲನ ಮುಗಿದ ಮೇಲೆ ಮೊದಲಿನ ಕಡತವನ್ನು ಯಥಾಸ್ಥಾನದಲ್ಲಿ ಇರಿಸುತ್ತಿತ್ತು. ಬಿಲ್ಡ್ ಮುರಿದರೆ ಗುಟ್ಟು ಬಯಲಾಗುವುದೆಂದು, ಅದು ಮುರಿಯದಂತೆ ಎಚ್ಚರವನ್ನೂ ವಹಿಸಲಾಗಿತ್ತು. ಹಸಿರು ಬಣ್ಣವು ಬಿಲ್ಡ್ ಮುಗಿದುದನ್ನು ಹೇಳಿತೇ ಹೊರತು, ಕಟ್ಟಲ್ಪಟ್ಟದ್ದು ಭಂಡಾರದಲ್ಲಿದ್ದ ಪಠ್ಯವೇ ಎಂಬುದನ್ನು ಹೇಳಲಿಲ್ಲ. 2021ರಲ್ಲಿ ಕೋಡ್‌ಕೋವ್ ಸಂಸ್ಥೆಯ ಸ್ಕ್ರಿಪ್ಟ್ ಒಂದನ್ನು ದಾಳಿಕೋರರು ತಿದ್ದಿದಾಗ, ಅದನ್ನು ತಮ್ಮ ಬಿಲ್ಡ್‌ಗಳಲ್ಲಿ ನಡೆಸುತ್ತಿದ್ದವರ ರಹಸ್ಯ ಕೀಲಿಗಳು ಹೊರಹೋಗುವ ಪರಿಸ್ಥಿತಿ ಉಂಟಾಯಿತು. ಪ್ರಕಟಿತ ಪರಿಶೀಲನಾ ಮೊತ್ತಕ್ಕೂ ತನ್ನ ಕೈಗೆ ಬಂದ ಸ್ಕ್ರಿಪ್ಟಿನ ಮೊತ್ತಕ್ಕೂ ತಾಳೆಯಾಗದಿರುವುದನ್ನು ಗ್ರಾಹಕನೊಬ್ಬ ಗಮನಿಸಿದ್ದರಿಂದ ವಿಷಯ ಹೊರಬಿತ್ತು. ತಾಳೆ ನೋಡುವ ಹಳೆಯ ಅಭ್ಯಾಸವೇ ಕಡೆಗೆ ನೆರವಿಗೆ ಬಂದುದು ಗಮನಿಸತಕ್ಕ ಅಂಶ.

ಜಾಲಸೇವೆಗಳ ಕಾಲ

2011ರಲ್ಲಿ ಬರ್ಲಿನ್ ನಗರದಲ್ಲಿ ಆರಂಭವಾದ ಟ್ರಾವಿಸ್ ಸಿಐ ಸೇವೆಯು ಮುಕ್ತ ತಂತ್ರಾಂಶ ಯೋಜನೆಗಳಿಗೆ ಉಚಿತ ಬಿಲ್ಡ್ ಒದಗಿಸಿ ಸ್ವಂತ ಸರ್ವರ್‌ನ ಅಗತ್ಯವನ್ನು ತಗ್ಗಿಸಿತು. ಆ ಯೋಜನೆಗಳಿಗಾಗಿ ಮೀಸಲಾಗಿದ್ದ ಅದರ ತಾಣ 2021ರಲ್ಲಿ ಮುಚ್ಚಿತು. 2015ರಲ್ಲಿ ಗಿಟ್‌ಲ್ಯಾಬ್ ತನ್ನ ಭಂಡಾರ ಸೇವೆಯೊಳಗೇ ಏಕೀಕರಣ ವ್ಯವಸ್ಥೆಯನ್ನು ಅಡಕಗೊಳಿಸಿತು. 2018ರಲ್ಲಿ ಘೋಷಣೆಯಾದ ಗಿಟ್‌ಹಬ್ ಆಕ್ಷನ್ಸ್ 2019ರ ನವೆಂಬರಿನಲ್ಲಿ ಎಲ್ಲರಿಗೂ ಲಭ್ಯವಾಯಿತು.

ಜೆಂಕಿನ್ಸ್ ಕಲಿತ ಪಾಠ ಇಲ್ಲಿ ಮತ್ತೆ ಕಲಿಯಬೇಕಾಗಿ ಬಂದುದು ಕುತೂಹಲಕರ. 2020ರ ಜುಲೈ ತಿಂಗಳಲ್ಲಿ ಗಿಟ್‌ಹಬ್ ಆಕ್ಷನ್ಸ್‌ಗೆ ಸ್ಕ್ರಿಪ್ಟ್ ಮೂಲಕ ಕೈಯಾರೆ ಚಾಲನೆ ನೀಡುವ ಸೌಲಭ್ಯ ಸೇರಿದಾಗ, ಸರ್ವರ್ ಮರಳಿಸುತ್ತಿದ್ದುದು 204 ಎಂಬ ಉತ್ತರಸಂಖ್ಯೆ ಮಾತ್ರ. ‘ಸ್ವೀಕರಿಸಿದೆ, ಹೇಳಲು ಬೇರೇನೂ ಇಲ್ಲ’ ಎಂಬುದು ಅದರ ಭಾವ. ಆರಂಭವಾದ ಓಟದ ಗುರುತು ಅದರಲ್ಲಿ ಇರಲಿಲ್ಲ. ಗಿಟ್‌ಲ್ಯಾಬ್‌ನ ಚಾಲನಾ ವಿಳಾಸವಾದರೋ ಕೆಲಸದ ಗುರುತುಸಂಖ್ಯೆಯನ್ನು ಉತ್ತರದಲ್ಲಿಯೇ ನೀಡುತ್ತಿತ್ತು. ಗಿಟ್‌ಹಬ್ ಬಳಸುವವರು ತಾವೇ ಒಂದು ವಿಶಿಷ್ಟ ಗುರುತನ್ನು ಕಲ್ಪಿಸಿ, ಅದನ್ನು ಕೋರಿಕೆಯ ವಿವರಗಳಲ್ಲಿ ಸೇರಿಸಿ, ಬಳಿಕ ಓಟಗಳ ಪಟ್ಟಿಯಲ್ಲಿ ಆ ಗುರುತನ್ನು ಹುಡುಕುವ ಉಪಾಯ ಮಾಡಿದರು. 2022ರಲ್ಲಿ ಓಟದ ಹೆಸರನ್ನು ಕೋರಿಕೆಯ ವಿವರದಿಂದ ರೂಪಿಸಲು ಅವಕಾಶ ದೊರೆತ ಮೇಲೆ ಈ ಉಪಾಯ ಸುಗಮವಾಯಿತು. ಚೀಟಿ ಕೊಡದ ಕಚೇರಿಗೆ ಅರ್ಜಿದಾರರು ತಮ್ಮದೇ ಸಂಖ್ಯೆ ಬರೆದ ಅರ್ಜಿ ಕೊಟ್ಟಂತೆ ಇದು. 2021ರಲ್ಲಿ ಗಿಟ್‌ಹಬ್‌ನ ಆದೇಶಸಾಲಿನ ಸಾಧನಕ್ಕೆ ಓಟವೊಂದನ್ನು ಕೊನೆಯವರೆಗೆ ಗಮನಿಸುವ ಆದೇಶ ಸೇರಿತು. ಓಟ ವಿಫಲವಾದರೆ ಸೊನ್ನೆಯಲ್ಲದ ನಿರ್ಗಮನ ಸಂಖ್ಯೆ ಮರಳಿಸುವಂತೆ ಅದಕ್ಕೆ ಪ್ರತ್ಯೇಕವಾಗಿ ಹೇಳಬೇಕು. ಹೇಳದಿದ್ದರೆ ಗಮನಿಸುವ ಕೆಲಸ ಸರಿಯಾಗಿ ಮುಗಿಯಿತೆಂಬ ಅರ್ಥದಲ್ಲಿ ಅದು ಸೊನ್ನೆಯನ್ನು ಮರಳಿಸಬಹುದು. ಕೊಳವೆಯ ಹಳೆಯ ತೊಡಕನ್ನು ಬಲ್ಲವರಿಗೆ ಇದು ಹೊಸತಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಬಿಲ್ಡ್‌ಗೆ ಚಾಲನೆ ನೀಡುವ ಕೆಲಸ ಪ್ರತಿಯೊಂದು ತಲೆಮಾರಿನ ಸಾಧನದಲ್ಲಿಯೂ ಬೇಗನೆ ಸಿದ್ಧಿಸಿತು. ಚಾಲನೆ ನೀಡಿದವರಿಗೆ ಅವರದೇ ಕೆಲಸದ ಉತ್ತರವನ್ನು ತಪ್ಪದೆ ತಲುಪಿಸುವ ಕೆಲಸ ಹಿಂದೆ ಉಳಿಯಿತು. ಮರುಸಂಕಲನವಾಗದ ಕಡತ, ಕೊಳವೆಯಲ್ಲಿ ಕಳೆದುಹೋದ ನಿರ್ಗಮನ ಸಂಖ್ಯೆ, ‘ಕೊನೆಯ ಬಿಲ್ಡ್’ ಎಂಬ ಮೋಸದ ವಿಳಾಸ, ಗುರುತಿಲ್ಲದ 204ರ ಉತ್ತರ ಇವೆಲ್ಲವೂ ಒಂದೇ ಕುಲಕ್ಕೆ ಸೇರಿದ ದೋಷಗಳು. ಪ್ರತಿಯೊಂದರಲ್ಲಿಯೂ ಉತ್ತರವೊಂದು ದೊರೆಯುತ್ತದೆ, ಅದು ಕೇಳಿದ ಪ್ರಶ್ನೆಯ ಉತ್ತರವಾಗಿರುತ್ತದೆಂಬ ಭರವಸೆ ಮಾತ್ರ ಇರುವುದಿಲ್ಲ. ಇಂತಹ ದೋಷದ ವಿಶೇಷವೆಂದರೆ ಅದು ಸದ್ದು ಮಾಡದು. ಕೆಂಪು ದೀಪ ಹತ್ತಿದರೆ ಯಾರಾದರೂ ಓಡಿಬರುತ್ತಾರೆ. ತಪ್ಪಾಗಿ ಹತ್ತಿದ ಹಸಿರು ದೀಪದ ಮುಂದೆ ಯಾರೂ ನಿಲ್ಲುವುದಿಲ್ಲ.

ಸೋಲಾರ್‌ವಿಂಡ್ಸ್ ಪ್ರಕರಣದ ಬಳಿಕ ಪ್ರಶ್ನೆಯ ವ್ಯಾಪ್ತಿ ಹಿಗ್ಗಿದೆ. ಡೆಬಿಯನ್ ಯೋಜನೆಯಲ್ಲಿ 2013ರಿಂದ ನಡೆದುಬಂದಿರುವ ಪುನರಾವರ್ತನೀಯ ಬಿಲ್ಡ್ ಪ್ರಯತ್ನವು, ಒಂದೇ ಮೂಲಸಂಕೇತವನ್ನು ಬೇರೆ ಬೇರೆಯವರು ಬೇರೆ ಬೇರೆ ಯಂತ್ರಗಳಲ್ಲಿ ಕಟ್ಟಿದರೂ ಅಕ್ಷರಶಃ ಒಂದೇ ಫಲ ಬರಬೇಕೆಂಬ ಗುರಿ ಹೊಂದಿದೆ. ಒಬ್ಬ ಸಾಕ್ಷಿಯ ಮಾತನ್ನು ಮತ್ತೊಬ್ಬ ಸಾಕ್ಷಿಯಿಂದ ತಾಳೆ ನೋಡುವ ಕ್ರಮ ಇದು. ಕೆಲಸ ಮುಗಿಯಿತೆ ಎಂಬುದರ ಜೊತೆಗೆ, ಯಾವುದರಿಂದ ಯಾವುದು ಕಟ್ಟಲ್ಪಟ್ಟಿತು ಎಂಬುದಕ್ಕೂ ನಿಗಾ ವಹಿಸುವ ಸ್ಕ್ರಿಪ್ಟ್ ಇಂದು ಪುರಾವೆ ಕೇಳಬೇಕಾಗಿದೆ. 1976ರಲ್ಲಿ ಒಂದು ಮುಂಜಾನೆಯ ಶ್ರಮ ವ್ಯರ್ಥವಾದುದಕ್ಕೆ ಕಾರಣವಾದ ಪ್ರಶ್ನೆಯೇ, ಅಂದರೆ ಕಣ್ಣಮುಂದಿರುವ ಫಲವು ಕಣ್ಣಮುಂದಿರುವ ಪಠ್ಯದ್ದೇ ಎಂಬುದೇ, ಹೆಚ್ಚಿನ ಹೊಣೆಗಾರಿಕೆಯೊಡನೆ ಈಗಲೂ ಎದುರಿಗಿದೆ.